ಚಪಾತಿ, ಅಡಿಕೆ ಮರ, ನೋವಿನ ಮಾತ್ರೆ: ಏಳು ಸಲ ಕೈತಪ್ಪಿದ ಒಂದು ಅಲರ್ಜಿ

ರೋಗಿ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಳನಾಡಿನವರು, ವಯಸ್ಸು 41. ಬೇಸಗೆಯಲ್ಲಿ ಅಡಿಕೆ ಗೊನೆ ಇಳಿಸುವುದು, ಮಳೆ ಶುರುವಾಗುವ ಹೊತ್ತಿಗೆ ಮದ್ದು ಬಿಡುವುದು ಅವರ ಕಸುಬು. ದಿನಕ್ಕೆ ಐವತ್ತು ಅರುವತ್ತು ಮರ ಹತ್ತಿ ಇಳಿಯುವ ದೇಹ. ಬೀಡಿ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ, ಚಿಕ್ಕಂದಿನಲ್ಲಿ ಉಬ್ಬಸವೂ ಇರಲಿಲ್ಲ. ಎರಡು ವರ್ಷದಿಂದ ಮೊಣಕಾಲು ನೋವು. ಅದು ಜೋರಾದ ದಿನ ಅಂಗಡಿಯಿಂದ ಡೈಕ್ಲೋಫೆನಾಕ್ ಮಾತ್ರೆ. ಗುರುತು ಹಿಡಿಯಬಹುದಾದ ವಿವರಗಳನ್ನು ಇಲ್ಲಿ ಬದಲಿಸಲಾಗಿದೆ.

ಮೊದಲ ಸಲ ಆದದ್ದು ಜೂನಿನಲ್ಲಿ. ಬೆಳಿಗ್ಗೆ ಏಳೂಕಾಲಕ್ಕೆ ಮೂರು ಚಪಾತಿ, ಚಾ. ಎಂಟಕ್ಕೆ ಮರ ಹತ್ತಿ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸಲು ಶುರು. ಎಂಟೂಮುಕ್ಕಾಲಕ್ಕೆ ಅಂಗೈ ಅಂಗಾಲು ತುರಿಕೆ, ಹಿಂದೆಯೇ ಹೊಟ್ಟೆ ಮತ್ತು ತೊಡೆಯ ಮೇಲೆ ಅಗಲಗಲ ಪಿತ್ತದ ಗಂಧೆ, ತುಟಿ ದಪ್ಪ. ಪೇಟೆಯ ಕ್ಲಿನಿಕ್ಕಿನಲ್ಲಿ ಫೆನಿರಮಿನ್ ಮತ್ತು ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟರು, ಎರಡು ಗಂಟೆಯಲ್ಲಿ ಇಳಿಯಿತು. ಎಲ್ಲರ ಬೆರಳೂ ಮೈಲುತುತ್ತಿನ ಕಡೆ ತೋರಿತು. ಇದನ್ನು ಅಜ್ಞಾನ ಎನ್ನಲಾಗದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಜಿಲ್ಲೆ ಇದು. ಮೈಗೆ ಏನಾದರೂ ಆದರೆ ಮೊದಲು ಸಂಶಯ ಬರುವುದೇ ಸಿಂಪಡಣೆಯ ಮೇಲೆ. ಆದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣದ ಅದೇ ಮಿಶ್ರಣವನ್ನು ಅವರು ಹದಿನೆಂಟು ವರ್ಷದಿಂದ ಬಿಡುತ್ತಿದ್ದರು. ಆ ಮಳೆಗಾಲದಲ್ಲೂ ಮುಂದೆ ಹದಿನೈದು ದಿನ ಸಿಂಪಡಿಸಿದರು, ಏನೂ ಆಗಲಿಲ್ಲ. ಈ ಮಾತನ್ನು ಆಗ ಯಾರೂ ಕೇಳಿ ಬರೆದುಕೊಂಡಿರಲಿಲ್ಲ.

ಎರಡನೆಯದು ಸೆಪ್ಟೆಂಬರಿನಲ್ಲಿ, ನೆರೆಮನೆಯ ಸತ್ಯನಾರಾಯಣ ಪೂಜೆಯ ದಿನ. ಸಪಾದ ಪ್ರಸಾದ ಎರಡು ಸಲ ಹಾಕಿಸಿಕೊಂಡರು, ಊಟ ಮಾಡಿದರು, ಚಪ್ಪರ ಬಿಚ್ಚಲು ನಿಂತರು. ಗಂಧೆ, ವಾಂತಿ. ಪ್ರಸಾದದಲ್ಲಿದ್ದ ಗೇರುಬೀಜ ಮತ್ತು ಬಾಳೆಹಣ್ಣಿನ ಮೇಲೆ ಆರೋಪ ಬಂತು. ಅದರಲ್ಲಿದ್ದ ಗೋಧಿ ರವೆ ಯಾರ ಲೆಕ್ಕಕ್ಕೂ ಬರಲಿಲ್ಲ.

ಮೂರನೆಯದು ಜನವರಿಯಲ್ಲಿ, ಅಪಾಯದ್ದು. ಹೋಟೆಲಿನಲ್ಲಿ ಎರಡು ಪರೋಟ ತಿಂದು, ಮೊಣಕಾಲಿಗೆಂದು ಒಂದು ಮಾತ್ರೆ ನುಂಗಿ, ಗೊನೆ ತೆಗೆಯಲು ಹೋದರು. ಎಂಟನೇ ಮರದ ತುದಿಯಲ್ಲಿ ಕಣ್ಣು ಕತ್ತಲೆ ಬಂತು. ಮರ ಹತ್ತಲು ಕಾಲಿಗೆ ಹಾಕುವ ತಳೆ ಜಾರದಂತೆ ಹೇಗೋ ಇಳಿದು ಬುಡದಲ್ಲಿ ಬಿದ್ದರು. ಆಸ್ಪತ್ರೆಗೆ ಮುಟ್ಟುವಾಗ ಬಿ.ಪಿ. 70/40. ಅಲ್ಲಿ ಅಡ್ರಿನಾಲಿನ್ ಮತ್ತು ಸಲೈನ್ ಸಿಕ್ಕಿದ್ದರಿಂದ ಉಳಿದರು. ಬಿಡುಗಡೆ ಚೀಟಿಯಲ್ಲಿ ಬರೆದದ್ದು ಇಷ್ಟು: ಅಲರ್ಜಿ, ಕಾರಣ ತಿಳಿದಿಲ್ಲ, ಲಿವೋಸೆಟಿರಿಜಿನ್ 5 ಮಿ.ಗ್ರಾಂ, ದಿನಕ್ಕೊಂದು. ಮನೆಯಲ್ಲಿ ಇಟ್ಟುಕೊಳ್ಳಲು ಅಡ್ರಿನಾಲಿನ್ ಕೊಡಲಿಲ್ಲ. ಅಲರ್ಜಿ ಕೆರಳಿದಾಗ ರಕ್ತದಲ್ಲಿ ಏರುವ ಟ್ರಿಪ್ಟೇಸ್ ನೋಡಲಿಲ್ಲ. ಆ ಎರಡು ಲೋಪಗಳಿಗೆ ಮುಂದೆ ಬೆಲೆ ತೆರಬೇಕಾಯಿತು.

ದಾರಿ ತಪ್ಪಿಸಿದ ಪರೀಕ್ಷೆಗಳು

ಹೆದರಿದ ಮನೆಯವರು ಫೆಬ್ರವರಿಯಲ್ಲಿ ಒಂದು ಪ್ರಯೋಗಾಲಯದ ‘ಆಹಾರ ಅಲರ್ಜಿ ಪ್ಯಾಕೇಜ್’ ಮಾಡಿಸಿದರು. ತೊಂಬತ್ತಕ್ಕೂ ಹೆಚ್ಚು ಪದಾರ್ಥ, ಬಣ್ಣ ಬಣ್ಣದ ಪಟ್ಟಿ, ಕೂಲಿಯವರ ಮನೆಗೆ ಭಾರವಾಗುವಷ್ಟು ದುಡ್ಡು. ಅದು ಅಳೆದದ್ದು ಐಜಿಜಿ ಎಂಬ ಪ್ರತಿಕಾಯವನ್ನು. ಕೆಂಪು ಬಣ್ಣದಲ್ಲಿ ಬಂದದ್ದು ಅಕ್ಕಿ, ತೆಂಗಿನಕಾಯಿ, ಹಾಲು, ಹೆಸರು, ಬಂಗುಡೆ. ಗೋಧಿ ಹಸಿರು.

ಐಜಿಜಿ ಹೇಳುವುದು ದೇಹ ಯಾವ ಆಹಾರವನ್ನು ಕಂಡಿದೆ ಎಂಬುದನ್ನು ಮಾತ್ರ. ಕುಚ್ಚಲಕ್ಕಿ ಗಂಜಿ, ತೆಂಗಿನಕಾಯಿ ಅರೆದ ಪದಾರ್ಥ, ಮೀನು ತಿಂದು ಬೆಳೆದವರ ರಕ್ತದಲ್ಲಿ ಅವುಗಳ ಐಜಿಜಿ ಇಲ್ಲದಿದ್ದರೆ ಆಶ್ಚರ್ಯ. ಆಹಾರ ಅಲರ್ಜಿ ಪತ್ತೆಗೆ ಐಜಿಜಿಯ ಒಂದು ಬಗೆಯಾದ ಐಜಿಜಿ4ರ ಪರೀಕ್ಷೆ ಬೇಡ ಎಂದು ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ ಹೇಳಿದೆ. ಅಮೆರಿಕ, ಕೆನಡಾದ ಸಂಘಗಳ ಅಭಿಪ್ರಾಯವೂ ಅದೇ. ಪ್ಯಾಕೇಜ್ ಮಾತ್ರ ಇಂದಿಗೂ ಮಾರಾಟವಾಗುತ್ತದೆ.

ಇಲ್ಲಿ ಅದು ದುಡ್ಡಿನ ನಷ್ಟಕ್ಕೆ ನಿಲ್ಲಲಿಲ್ಲ. ಅಕ್ಕಿ ‘ಕೆಂಪು’ ಎಂದದ್ದರಿಂದ ಮನೆಯವರು ಗಂಜಿ ಬಿಡಿಸಿ ಮೂರು ಹೊತ್ತೂ ಚಪಾತಿ ಕೊಟ್ಟರು. ಐದು ವಾರದಲ್ಲಿ ನಾಲ್ಕು ಸಲ ಆಯಿತು. ತೂಕ ಆರು ಕಿಲೋ ಇಳಿಯಿತು. ಕೊನೆಯ ಸಲ ಮೈಮೇಲೆ ಒಂದು ಗಂಧೆಯೂ ಇಲ್ಲ, ಬರೀ ಭೇದಿ ಮತ್ತು ತಲೆಸುತ್ತು, ಎಚ್ಚರ ತಪ್ಪಿತು. ಗಂಧೆ ಇಲ್ಲದ್ದರಿಂದ ‘ಹೊಟ್ಟೆಗೆ ಹಿಡಿಸಲಿಲ್ಲ’ ಎಂದು ಡ್ರಿಪ್ ಹಾಕಿ ಕಳಿಸಿದರು. ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ತೀವ್ರ ಅಲರ್ಜಿ, ಆದವರಲ್ಲಿ ಶೇ. 10ರಿಂದ 20 ಮಂದಿಗೆ ಚರ್ಮದಲ್ಲಿ ಏನೂ ಕಾಣುವುದಿಲ್ಲ. ಇವರಿಗಂತೂ ದಿನವೂ ಲಿವೋಸೆಟಿರಿಜಿನ್ ಹೋಗುತ್ತಿತ್ತು. ಅದು ತುರಿಕೆ, ಗಂಧೆಯನ್ನು ಮುಚ್ಚುತ್ತದೆ, ಬಿ.ಪಿ. ಕುಸಿಯುವುದನ್ನು ತಡೆಯುವುದಿಲ್ಲ. ‘ಕೂಡಲೇ ಮರ ಇಳಿ’ ಎಂದು ದೇಹ ಕೊಡುತ್ತಿದ್ದ ಮೊದಲ ಸೂಚನೆಯನ್ನೇ ಮಾತ್ರೆ ಅಳಿಸಿಹಾಕಿತ್ತು.

ಏಪ್ರಿಲಿನಲ್ಲಿ ಕೆಲಸ ಬಿಟ್ಟು ಕೂತರು. ಒಂದು ಕಡೆ ಚರ್ಮದ ಚುಚ್ಚು ಪರೀಕ್ಷೆ ಮಾಡಿಸಿದರು. ನಲ್ವತ್ತು ಪದಾರ್ಥ, ಎಲ್ಲವೂ ಸೊನ್ನೆ, ವರದಿ ‘ಆಹಾರ ಅಲರ್ಜಿ ಇಲ್ಲ’. ವರದಿಯ ಕೆಳಗಿನ ಸಾಲಿನಲ್ಲಿ ಹಿಸ್ಟಮಿನ್ ಕೂಡ 0 ಮಿ.ಮೀ. ಎಂದಿತ್ತು. ಹಿಸ್ಟಮಿನ್ ಚುಚ್ಚಿದಲ್ಲಿ ಯಾರ ಚರ್ಮವೂ ಏಳಲೇಬೇಕು. ಏಳದಿದ್ದರೆ ಮಾತ್ರೆಯ ಪ್ರಭಾವ ಇನ್ನೂ ಇದೆ, ಪರೀಕ್ಷೆ ನಡೆದೇ ಇಲ್ಲ ಎಂದೇ ಅರ್ಥ. ಲಿವೋಸೆಟಿರಿಜಿನ್ ನಿಲ್ಲಿಸಿ ಐದರಿಂದ ಏಳು ದಿನ ಕಾಯಬೇಕಿತ್ತು.

ಕ್ಯಾಲೆಂಡರಿನ ಹಿಂಬದಿ

ತಿರುವು ಸಿಕ್ಕಿದ್ದು ಮೇ ತಿಂಗಳಲ್ಲಿ, ಮಂಗಳೂರಿನ ಒಬ್ಬ ಅಲರ್ಜಿ ತಜ್ಞರ ಬಳಿ. ಅವರು ಹೊಸ ಪರೀಕ್ಷೆ ಏನನ್ನೂ ಬರೆಯದೆ ಮೊದಲು ಮುಕ್ಕಾಲು ಗಂಟೆ ಮಾತಾಡಿಸಿದರು.

“ಅವತ್ತು ಎಂತ ತಿಂದದ್ದು?”

“ವಿಶೇಷ ಎಂತದೂ ಇಲ್ಲ ಡಾಕ್ಟ್ರೇ. ಚಪಾತಿ. ಅದು ರಾತ್ರಿಯೂ ತಿನ್ನುತ್ತೇನೆ, ಎಂತದೂ ಆಗುವುದಿಲ್ಲ.”

ಏಳು ಸಲವೂ ತಪ್ಪಿದ್ದು ಈ ಉತ್ತರದ ಬಳಿಯೇ. ರಾತ್ರಿ ತಿಂದಾಗ ಆಗದ್ದು ಬೆಳಿಗ್ಗೆ ಹೇಗೆ ಆದೀತು ಎಂದು ಎಲ್ಲರೂ ಗೋಧಿಯನ್ನು ಪಕ್ಕಕ್ಕಿಟ್ಟಿದ್ದರು. ಈ ವೈದ್ಯರು ಮಾತ್ರ ಮುಂದಿನ ಪ್ರಶ್ನೆ ಕೇಳಿದರು: ರಾತ್ರಿ ಚಪಾತಿ ತಿಂದ ಮೇಲೆ ಏನು ಮಾಡುತ್ತೀರಿ? ಮಲಗುತ್ತೇನೆ. ಬೆಳಿಗ್ಗೆ ತಿಂದ ಮೇಲೆ? ಮರ ಹತ್ತುತ್ತೇನೆ.

ಹೆಂಡತಿಗೆ ಒಂದು ಅಭ್ಯಾಸವಿತ್ತು. ಗಂಡ ಯಾವ ತೋಟಕ್ಕೆ ಹೋದರು, ಎಷ್ಟು ದಿನದ ಸಂಬಳ ಬರಬೇಕು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದರು. ವೈದ್ಯರು ಅದನ್ನೇ ತರಿಸಿ, ಆಯಾ ದಿನ ತಿಂದದ್ದನ್ನು ಅದರೊಂದಿಗೆ ಹೊಂದಿಸಿ ನೋಡಿದರು. ಜನವರಿಯಿಂದ ಮಾರ್ಚ್‌ವರೆಗೆ ಕೆಲಸಕ್ಕೆ ಹೋದದ್ದು 58 ದಿನ. ಬೆಳಿಗ್ಗೆ ಗೋಧಿ ಅಥವಾ ಮೈದ ತಿಂದು ಹೋದದ್ದು 27 ದಿನ, ಅದರಲ್ಲಿ 5 ಸಲ ಆಗಿತ್ತು. ಗಂಜಿ, ನೀರುದೋಸೆ, ಅವಲಕ್ಕಿ ತಿಂದು ಹೋದದ್ದು 31 ದಿನ, ಒಮ್ಮೆಯೂ ಇಲ್ಲ. ರಾತ್ರಿ ಚಪಾತಿ ತಿಂದು ಮಲಗಿದ್ದು ನಲ್ವತ್ತರಷ್ಟು ಸಲ, ಒಮ್ಮೆಯೂ ಇಲ್ಲ. ಹಿಂದಿನ ವರ್ಷದ ಎರಡನ್ನೂ ಸೇರಿಸಿ ಒಟ್ಟು ಏಳು ಸಲಕ್ಕೆ ಹಿಂದಿನ ಆರು ಗಂಟೆಯ ಲೆಕ್ಕ ಬರೆದಾಗ ಏಳರಲ್ಲೂ ಗೋಧಿ ಮತ್ತು ದೇಹಶ್ರಮ ಎರಡೂ ಇತ್ತು. ಡೈಕ್ಲೋಫೆನಾಕ್ ಸೇರಿದ್ದು ಮೂರರಲ್ಲಿ. ಎಚ್ಚರ ತಪ್ಪಿದ್ದು ಆ ಮೂರರಲ್ಲೇ.

ಗೋಧಿ ಮತ್ತು ಶ್ರಮ ಎರಡೂ ಇದ್ದ ಉಳಿದ 22 ದಿನ ಏಕೆ ಆಗಲಿಲ್ಲ ಎಂಬ ಪ್ರಶ್ನೆ ಸಹಜ. ಅದಕ್ಕೂ ಕ್ಯಾಲೆಂಡರಿನಲ್ಲಿ ಅರ್ಧ ಉತ್ತರವಿತ್ತು: ಹೆಚ್ಚಿನವು ಅಡಿಕೆ ಹೆಕ್ಕುವ, ಅಂಗಳದಲ್ಲಿ ಹರಡುವ, ಹಗುರ ಕೆಲಸದ ದಿನಗಳು. ತಿಂದ ಪ್ರಮಾಣ, ಶ್ರಮದ ತೀವ್ರತೆ, ನೋವಿನ ಮಾತ್ರೆ, ಮದ್ಯ ಇವೆಲ್ಲ ಕೂಡಿ ಒಂದು ಮಟ್ಟ ದಾಟಿದಾಗಷ್ಟೇ ಇದು ಆಗುತ್ತದೆ.

ಗೋಧಿ ಆಧಾರಿತ, ಶ್ರಮದಿಂದ ಪ್ರಚೋದಿತವಾಗುವ ಅನಾಫಿಲಾಕ್ಸಿಸ್ ಎಂದು ಇದರ ಹೆಸರು. ಇದರ ಹಿಂದಿರುವ ಗೋಧಿ ಪ್ರೋಟೀನನ್ನು ಫಿನ್ಲೆಂಡಿನ ಸಂಶೋಧಕರು 1999ರಲ್ಲಿ ವರದಿ ಮಾಡಿದರು. ಅದು ಒಮೆಗಾ-5 ಗ್ಲಯಾಡಿನ್ ಎಂದು ಮುಂದೆ ಸ್ಪಷ್ಟವಾಯಿತು. ಶ್ರಮ ಪಡುವಾಗ, ಆಸ್ಪಿರಿನ್ ಬಗೆಯ ಮಾತ್ರೆ ನುಂಗಿದಾಗ ಕರುಳಿನ ತಡೆ ಸಡಿಲವಾಗಿ ಈ ಪ್ರೋಟೀನು ರಕ್ತಕ್ಕೆ ಹೆಚ್ಚು ಸೇರುತ್ತದೆ ಎಂಬುದು ಮುಖ್ಯ ವಿವರಣೆ. ಡೆನ್ಮಾರ್ಕಿನ ತಂಡವೊಂದು ಈಚಿನ ವರ್ಷಗಳಲ್ಲಿ ರೋಗಿಗಳಿಗೆ ಅಳತೆ ಮಾಡಿ ಗೋಧಿಯ ಅಂಟು ಪ್ರೋಟೀನಾದ ಗ್ಲುಟೆನ್ ತಿನ್ನಿಸಿ, ಓಡಿಸಿ, ಆಸ್ಪಿರಿನ್ ಕೊಟ್ಟು, ಮದ್ಯ ಕೊಟ್ಟು ನೋಡಿತು. ಮೂರೂ ಸಹನೆಯ ಮಟ್ಟವನ್ನು ಇಳಿಸಿದವು. ಹೆಚ್ಚು ಗ್ಲುಟೆನ್ ತಿಂದಾಗ ಕೆಲವರಿಗೆ ಸುಮ್ಮನೆ ಕೂತಿದ್ದಾಗಲೂ ಆಯಿತು. ಹಾಗಾಗಿ ‘ವ್ಯಾಯಾಮ ಮಾಡದಿದ್ದರೆ ಗೋಧಿ ನಿರಪಾಯ’ ಎಂಬ ಹಳೆಯ ಮಾತು ಪೂರ್ತಿ ನಂಬತಕ್ಕದ್ದಲ್ಲ.

ಖಚಿತಪಡಿಸಿದ ಬಗೆ

ಲಿವೋಸೆಟಿರಿಜಿನ್ ನಿಲ್ಲಿಸಿ, ಆ ವಾರ ಗೋಧಿಯನ್ನೂ ಮರ ಹತ್ತುವುದನ್ನೂ ನಿಲ್ಲಿಸಿ, ಏಳನೇ ದಿನ ಚುಚ್ಚು ಪರೀಕ್ಷೆ ಮತ್ತೆ ಮಾಡಿದರು. ಹಿಸ್ಟಮಿನ್ 6 ಮಿ.ಮೀ. ಎದ್ದಿತು. ಬಾಟಲಿಯ ಗೋಧಿ ಸಾರ 2 ಮಿ.ಮೀ.; 3 ಮಿ.ಮೀ.ಗಿಂತ ಕಡಿಮೆ, ಅಂದರೆ ನೆಗೆಟಿವ್. ಅಷ್ಟಕ್ಕೇ ಬಿಡದೆ, ಕಲಸಿದ ಗೋಧಿ ಹಿಟ್ಟಿನಲ್ಲೇ ಸೂಜಿ ಅದ್ದಿ ಚುಚ್ಚಿದಾಗ 5 ಮಿ.ಮೀ. ಕಾರಣ ಸರಳ: ಗ್ಲಯಾಡಿನ್‌ಗಳು ನೀರಿನಲ್ಲಿ ಕರಗುವುದಿಲ್ಲ, ಉಪ್ಪುನೀರಿನಲ್ಲಿ ತೆಗೆದ ಸಾರದಲ್ಲಿ ಅವು ಸಾಕಷ್ಟು ಇರುವುದೇ ಇಲ್ಲ. ರಕ್ತದಲ್ಲಿ ಐಜಿಇ, ಅಂದರೆ ಇಂಥ ಅಲರ್ಜಿ ತರುವ ಪ್ರತಿಕಾಯ, ಇಡೀ ಗೋಧಿಗೆ 0.52 ಬಂತು, ನೋಡಿದವರು ಬದಿಗಿಡುವಷ್ಟು ಸಣ್ಣದು. ಒಮೆಗಾ-5 ಗ್ಲಯಾಡಿನ್‌ನ ಐಜಿಇ 8.4. ಸಾಮಾನ್ಯವಾಗಿ ಪಾಸಿಟಿವ್ ಎನ್ನುವ ಗೆರೆ 0.35.

ಒಟ್ಟು ಐಜಿಇ 612 ಇತ್ತು. ಜಂತುಹುಳ, ಧೂಳಿನ ಅಲರ್ಜಿ, ಚರ್ಮದ ಇಸಬು ಯಾವುದರಿಂದಲೂ ಅದು ಏರುವುದರಿಂದ ವೈದ್ಯರು ಅದಕ್ಕೆ ಬೆಲೆ ಕೊಡಲಿಲ್ಲ. ಗ್ಲುಟೆನ್‌ನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ನೆಗೆಟಿವ್. ಗೋಧಿಯ ಹೆಸರು ಎರಡರಲ್ಲೂ ಬಂದರೂ ರೋಗ ಬೇರೆ. ಆರಾಮವಿದ್ದಾಗಿನ ಟ್ರಿಪ್ಟೇಸ್ 3.9, ಸಹಜ. ಟ್ರಿಪ್ಟೇಸ್ ಬಿಡುವ ಮಾಸ್ಟ್ ಜೀವಕೋಶದ ಕಾಯಿಲೆ ಇದ್ದಿದ್ದರೆ ಅದು ಸಾಮಾನ್ಯವಾಗಿ ಮೊದಲೇ ಹೆಚ್ಚಿರುತ್ತಿತ್ತು. ಬೆವರಿದಾಗ ಏಳುವ ಸಣ್ಣ ಬೊಕ್ಕೆಗಳ ಪಿತ್ತವೂ ಇದಲ್ಲ. ಗಂಜಿ ತಿಂದು ಬೆವರಿದ 31 ದಿನ ಅದು ಏಳಲಿಲ್ಲವಲ್ಲ.

ಗೋಧಿ ತಿನ್ನಿಸಿ, ಆಸ್ಪಿರಿನ್ ಕೊಟ್ಟು, ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡುವ ಪರೀಕ್ಷೆಯ ವಿಷಯ ಚರ್ಚೆಗೆ ಬಂತು. ಮಾಡಲಿಲ್ಲ. ಇತಿಹಾಸ ಮತ್ತು ಒಮೆಗಾ-5 ಎರಡೂ ಒಂದೇ ಕಡೆ ತೋರುವಾಗ, ಒಮ್ಮೆ ಬಿ.ಪಿ. 70ಕ್ಕೆ ಇಳಿದವರನ್ನು ಮತ್ತೆ ಆ ಅಂಚಿಗೆ ಒಯ್ಯುವುದರಿಂದ ಸಿಗುವ ಲಾಭ ಕಡಿಮೆ. ಆ ಪರೀಕ್ಷೆ ನೆಗೆಟಿವ್ ಬಂದರೂ ರೋಗ ಇಲ್ಲ ಎಂದು ಹೇಳಲಾಗುವುದಿಲ್ಲ. ಟ್ರೆಡ್‌ಮಿಲ್ ಎಂದರೆ ಅಡಿಕೆ ಮರ ಅಲ್ಲ.

ಚಿಕಿತ್ಸೆಯ ತೀರ್ಮಾನಗಳು

ಎದುರಿದ್ದದ್ದು ಎರಡು ದಾರಿ. ಶ್ರಮಕ್ಕೆ ನಾಲ್ಕರಿಂದ ಆರು ಗಂಟೆ ಮೊದಲು ಗೋಧಿ ಬಿಡುವುದು, ಇಲ್ಲವೇ ಪೂರ್ತಿ ಬಿಡುವುದು. ಕಚೇರಿಯಲ್ಲಿ ಕೂತು ಕೆಲಸ ಮಾಡಿ ಸಂಜೆ ಹೊತ್ತು ನೋಡಿ ಓಡುವವರಿಗೆ ಮೊದಲನೆಯದು ಸಾಕು. ಯಾವ ಹೊತ್ತಿಗೆ ಯಾರ ಲೋಡು ಎತ್ತಬೇಕಾದೀತೋ ಗೊತ್ತಿಲ್ಲದ, ಮೂವತ್ತಡಿ ಎತ್ತರದಲ್ಲಿ ಎಚ್ಚರ ತಪ್ಪಿದರೆ ಅಲರ್ಜಿಗಿಂತ ಮೊದಲು ಬಿದ್ದೇ ಸಾಯುವ ಕಸುಬಿನವರಿಗೆ ಅದು ಸಾಲದು. ಕನಿಷ್ಠ ಒಂದು ವರ್ಷ ಪೂರ್ತಿ ಬಿಡುವುದೆಂದು ನಿರ್ಧಾರವಾಯಿತು. ಗಂಜಿ, ತೆಂಗಿನಕಾಯಿ, ಮೀನು ಅಂದೇ ವಾಪಸು ಬಂದವು. ಆರು ಕಿಲೋ ಮೂರು ತಿಂಗಳಲ್ಲಿ ತುಂಬಿತು.

ಬಿಡಬೇಕಾದ್ದರ ಪಟ್ಟಿಯನ್ನು ಊರಿನ ತಿಂಡಿಗಳ ಹೆಸರಲ್ಲೇ ಬರೆದರು: ಚಪಾತಿ, ಪರೋಟ, ಪೂರಿ, ಸಜ್ಜಿಗೆ, ಶಿರಾ, ಸಪಾದ, ಚಿರೋಟಿ, ಗೋಳಿಬಜೆ, ಬನ್ಸ್, ಬ್ರೆಡ್ಡು, ಬಿಸ್ಕತ್ತು, ಅಂಗಡಿಯ ಶ್ಯಾವಿಗೆ. ಮನೆಯಲ್ಲಿ ಒತ್ತಿದ ಅಕ್ಕಿ ಶ್ಯಾವಿಗೆ ಆಗಬಹುದು. ಇಂಗಿನ ಹುಡಿಗೆ ಗೋಧಿ ಹಿಟ್ಟು ಬೆರೆಸುತ್ತಾರೆಂದು ಕೇಳಿ ಹೆಂಡತಿ ಸಾಂಬಾರಿಗೂ ಹೆದರಿದ್ದರು. ಒಂದು ಚಿಟಿಕೆಯಲ್ಲಿ ಬರುವುದು ಬಲು ಸಣ್ಣ ಪ್ರಮಾಣ, ಅದಕ್ಕಾಗಿ ಅಡುಗೆಮನೆ ಬದಲಿಸಬೇಡಿ ಎಂದರು ವೈದ್ಯರು. ಭಯಕ್ಕೂ ಒಂದು ಅಳತೆ ಬೇಕು. ಪೊಟ್ಟಣದ ಆಹಾರದ ಮೇಲೆ ಅಲರ್ಜಿಕಾರಕಗಳ ಹೆಸರು ಇರಬೇಕೆಂಬ ನಿಯಮ ಇದೆ, ಆದರೆ ಅದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಸಾಕು. ಕನ್ನಡ ಮಾಧ್ಯಮದಲ್ಲಿ ಏಳನೇ ತರಗತಿ ಓದಿದವರಿಗೆ ಆ ಸಣ್ಣಕ್ಷರ ಇದ್ದೂ ಇಲ್ಲದ ಹಾಗೆ. ಮಗಳು ಮೂರು ಇಂಗ್ಲಿಷ್ ಪದಗಳನ್ನೂ, ಮಲಯಾಳದ ‘ಗೋದಂಬು’ ಪದದ ಅಕ್ಷರರೂಪವನ್ನೂ ಕಾರ್ಡಿನಲ್ಲಿ ಬರೆದುಕೊಟ್ಟಳು. ಅಂಗಡಿಯಲ್ಲಿ ಹೊಂದಿಸಿ ನೋಡಲು.

ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ನಿಂತವು. ಮೊಣಕಾಲಿಗೆ ಪ್ಯಾರಾಸಿಟಮಾಲ್ ಮತ್ತು ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ. ಕಳ್ಳು ಕುಡಿದ ದಿನ ಮರ ಹತ್ತುವಂತಿಲ್ಲ. ದಿನದ ಲಿವೋಸೆಟಿರಿಜಿನ್ ರದ್ದು. ಆದಷ್ಟು ನೆಲದಲ್ಲೇ ನಿಂತು ದೋಟಿಯಿಂದ ಕೊಯ್ಯುವುದು, ಒಬ್ಬರೇ ತೋಟಕ್ಕೆ ಹೋಗದಿರುವುದು, ಅಂಗೈ ತುರಿಸಿದರೆ ‘ಈ ಸಾಲು ಮುಗಿಸಿ ಬಿಡುತ್ತೇನೆ’ ಎನ್ನದೆ ಇಳಿಯುವುದು.

ಹೊಸ ಮದ್ದುಗಳನ್ನೂ ತೂಗಿ ನೋಡಿದರು. ಒಮಾಲಿಜುಮಾಬ್ ಎಂಬ ಇಂಜೆಕ್ಷನ್ನಿಗೆ ಆಹಾರ ಅಲರ್ಜಿಗಾಗಿ ಅಮೆರಿಕದ ಔಷಧ ನಿಯಂತ್ರಕರು 2024ರ ಫೆಬ್ರವರಿಯಲ್ಲಿ ಒಪ್ಪಿಗೆ ಕೊಟ್ಟರು. ಅದರ ಹಿಂದಿದ್ದ ಪ್ರಯೋಗದಲ್ಲಿ ನೆಲಗಡಲೆ ಅಲರ್ಜಿಯ ಮಕ್ಕಳಲ್ಲಿ ಶೇ. 67ರಷ್ಟು ಜನ 600 ಮಿ.ಗ್ರಾಂ ನೆಲಗಡಲೆ ಪ್ರೋಟೀನ್ ತಾಳಿಕೊಂಡರು, ಹುಸಿಮದ್ದು ಪಡೆದವರಲ್ಲಿ ಶೇ. 7 ಮಾತ್ರ. ಆ ಪ್ರಯೋಗದ ಆಹಾರಗಳಲ್ಲಿ ಗೋಧಿಯೂ ಇತ್ತು. ಆದರೆ ಅದು ಶ್ರಮ ಸೇರಿದಾಗ ಬರುವ ಈ ರೋಗವನ್ನು ನೋಡಿದ್ದಲ್ಲ. ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಚುಚ್ಚಿಸಿಕೊಳ್ಳಬೇಕು, ದುಬಾರಿ, ಪಥ್ಯವನ್ನೂ ಬಿಡುವಂತಿಲ್ಲ. ಅಕ್ಕಿ ತಿನ್ನುವ ಮನೆಯಲ್ಲಿ ಗೋಧಿ ಬಿಡುವುದು ಸುಲಭ, ಇಂಜೆಕ್ಷನ್ ಬೇಡ ಎಂದಾಯಿತು. ಮೂಗಿಗೆ ಸಿಂಪಡಿಸುವ ಅಡ್ರಿನಾಲಿನ್‌ಗೆ 2024ರ ಆಗಸ್ಟಿನಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿದೆ. ಊರಿನ ಮೆಡಿಕಲ್ ಶಾಪಿನಲ್ಲಿ ಅದಿಲ್ಲ, ತೊಡೆಗೆ ತಾನೇ ಚುಚ್ಚುವ ಪೆನ್ನೂ ಇಲ್ಲ. ಉಳಿದದ್ದು 1 ಮಿ.ಲೀ.ಯಲ್ಲಿ 1 ಮಿ.ಗ್ರಾಂ ಇರುವ ಸಾದಾ ಆಂಪ್ಯೂಲು.

ಮೊದಲು ಆಂಪ್ಯೂಲು ಮತ್ತು ಸಿರಿಂಜನ್ನು ಬೇರೆ ಬೇರೆಯಾಗಿ ಕೊಟ್ಟು ಉಪ್ಪುನೀರಿನ ಆಂಪ್ಯೂಲಿನಲ್ಲಿ ಅಭ್ಯಾಸ ಮಾಡಿಸಿದರು. ಹೆಂಡತಿಗೆ ಎರಡೂವರೆ ನಿಮಿಷ ಹಿಡಿಯಿತು, ಒಂದು ಆಂಪ್ಯೂಲು ಕೈಯಲ್ಲೇ ಒಡೆಯಿತು. ಗಾಬರಿಯಲ್ಲಿ ಇದು ಆಗದ ಕೆಲಸ. ಆದ್ದರಿಂದ 2 ಮಿ.ಲೀ. ಸಿರಿಂಜು ಎರಡರಲ್ಲಿ ತಲಾ 0.5 ಮಿ.ಲೀ. ತುಂಬಿ, ಒಂದಿಂಚಿನ ಸೂಜಿಗೆ ಮುಚ್ಚಳ ಹಾಕಿ, ಗಟ್ಟಿ ಕನ್ನಡಕದ ಡಬ್ಬಿಯಲ್ಲಿ ಇಟ್ಟು, ತುಂಬಿದ ತಾರೀಕು ಅಂಟಿಸಿದರು. ಇನ್ಸುಲಿನ್ ಸಿರಿಂಜು ಬೇಡ. ಅದರ ಸೂಜಿ ಗಿಡ್ಡ, ಮದ್ದು ಸ್ನಾಯುವಿಗೆ ಮುಟ್ಟುವುದಿಲ್ಲ. ಬೆಳಕು ಬೀಳಬಾರದು, ಬೈಕಿನ ಡಬ್ಬಿಯ ಸೆಕೆಯಲ್ಲಿ ಇಡಬಾರದು, ಬಣ್ಣ ಗುಲಾಬಿ ಅಥವಾ ಕಂದಾದರೆ ಎಸೆಯಬೇಕು, ಮೂರು ತಿಂಗಳಿಗೊಮ್ಮೆ ಹೊಸದು ತುಂಬಿಸಬೇಕು. ಚುಚ್ಚುವುದು ತೊಡೆಯ ಹೊರಬದಿಯ ನಡುವೆ, ನೇರ. ಲುಂಗಿ ಉಟ್ಟವರಿಗೆ ಈ ಮಟ್ಟಿಗೆ ಅನುಕೂಲವೇ. ಚುಚ್ಚಿ ಮಲಗಿಸಿ ಕಾಲು ಎತ್ತರಿಸಬೇಕು. ಉಸಿರು ಕಟ್ಟಿದರೆ ಕೂರಿಸಬಹುದು, ಆದರೆ ಎಬ್ಬಿಸಿ ನಡೆಸಬಾರದು. ಬಿ.ಪಿ. ಇಳಿದವರನ್ನು ಏಕಾಏಕಿ ನಿಲ್ಲಿಸಿದಾಗ ಹೃದಯಕ್ಕೆ ಮರಳುವ ರಕ್ತ ನಿಂತು ಸಾವು ಸಂಭವಿಸಿದ್ದಿದೆ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೇ ಸಿರಿಂಜು. ಸುಧಾರಿಸಿದರೂ ಆಸ್ಪತ್ರೆ. ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಬರೆದು ಜೊತೆಯ ಕೆಲಸದವರಿಗೂ ಅಟೋದವರಿಗೂ ಕೊಟ್ಟರು.

ಆಮೇಲೆ ಆದದ್ದು

ಏಳು ತಿಂಗಳು ಏನೂ ಆಗಲಿಲ್ಲ. ಡಿಸೆಂಬರಿನ ಒಂದು ಸಂಜೆ ತೋಟದ ಮನೆಯಲ್ಲಿ ಚಾದೊಂದಿಗೆ ನೀರುಳ್ಳಿ ಬಜೆ ಬಂತು. “ಇದು ಕಡಲೆ ಹುಡಿಯದ್ದಲ್ಲವಾ?” ಎಂದು ಕೇಳಿಯೇ ತಿಂದರು. ಹೌದು ಎಂಬ ಉತ್ತರ ಸುಳ್ಳಲ್ಲ. ಗರಿಗರಿಯಾಗಲೆಂದು ಮೈದವನ್ನೂ ಸೇರಿಸಿದ್ದರು. ಕೇಳಬೇಕಿದ್ದದ್ದು ‘ಮೈದ ಹಾಕಿದ್ದೀರಾ?’ ಎಂದು. ಮುಕ್ಕಾಲು ಗಂಟೆ ಕಳೆದು ಅಡಿಕೆ ಗೋಣಿ ಪಿಕಪ್ಪಿಗೆ ಏರಿಸುವಾಗ ಅಂಗೈ ತುರಿಸಿತು. ಈ ಸಲ ತುರಿಕೆಯನ್ನು ಮುಚ್ಚಲು ಮಾತ್ರೆ ಇರಲಿಲ್ಲ. ಅಲ್ಲೇ ಮಲಗಿದರು, ಸ್ವರ ಒಡೆಯತೊಡಗಿತು. ಜೊತೆಯವರು ತೊಡೆಗೆ ಚುಚ್ಚಿ, ಕಾಲಡಿಗೆ ಒಂದು ಗೋಣಿ ಕೊಟ್ಟರು. ಐದಾರು ನಿಮಿಷದಲ್ಲಿ ಉಸಿರು ಸಲೀಸಾಯಿತು, ಎರಡನೇ ಸಿರಿಂಜು ಬೇಕಾಗಲಿಲ್ಲ. ಆಸ್ಪತ್ರೆಯಲ್ಲಿ ಆ ಹಾಳೆ ನೋಡಿ ಒಂದೂವರೆ ಗಂಟೆಯೊಳಗೆ ಟ್ರಿಪ್ಟೇಸಿಗೆ ರಕ್ತ ತೆಗೆದರು: 13.2. ಆರಾಮವಿದ್ದಾಗಿನ ಸಂಖ್ಯೆಯನ್ನು 1.2ರಿಂದ ಗುಣಿಸಿ 2 ಕೂಡಿಸಿದರೆ ಬರುವ ಮಟ್ಟ ದಾಟಿದರೆ ಮಾಸ್ಟ್ ಜೀವಕೋಶಗಳು ಕೆರಳಿದ್ದು ಖಚಿತ. ಇವರ 3.9ಕ್ಕೆ ಆ ಮಟ್ಟ 6.7. ಮೊದಲ ಏಳು ಸಲದಲ್ಲಿ ಒಮ್ಮೆಯಾದರೂ ಈ ಒಂದು ಸೀಸೆ ರಕ್ತ ತೆಗೆದಿದ್ದರೆ ‘ಹೊಟ್ಟೆಗೆ ಹಿಡಿಸಲಿಲ್ಲ’ ಎಂಬ ಮಾತು ಅಲ್ಲೇ ಬಿದ್ದುಹೋಗುತ್ತಿತ್ತು.

ಅವತ್ತು ಬಳಸಿದ ಸಿರಿಂಜಿಗೆ ನಾಲ್ಕು ತಿಂಗಳಾಗಿತ್ತು. ಕೊಯ್ಲಿನ ಗಡಿಬಿಡಿಯಲ್ಲಿ ಬದಲಿಸುವುದು ಮರೆತಿತ್ತು. ಈಗ ಆ ತಾರೀಕೂ ಕ್ಯಾಲೆಂಡರಿನಲ್ಲಿ ಸಂಬಳದ ಗುರುತಿನ ಪಕ್ಕದಲ್ಲೇ ಬೀಳುತ್ತದೆ.

ವರ್ಷ ತುಂಬಿದ ಮೇಲಿನ ಭೇಟಿಯಲ್ಲಿ ಅವರು ಕೇಳಿದ್ದು ಒಂದೇ: ರಾತ್ರಿ ಎರಡು ಚಪಾತಿ ತಿಂದು ಮಲಗಬಹುದಾ? ಒಮೆಗಾ-5 ಈಗ 6.1. ವೈದ್ಯರು ಆಗದು ಎನ್ನಲಿಲ್ಲ, ಆಗಬಹುದು ಎಂದೂ ಹೇಳಲಿಲ್ಲ. ಅಡಿಕೆ ಕೊಯ್ಲು ಮುಗಿದ ಮೇಲೆ ಆಸ್ಪತ್ರೆಯಲ್ಲೇ ಒಂದು ರಾತ್ರಿ ಇರಿಸಿ, ಅರ್ಧ ಚಪಾತಿಯಿಂದ ಶುರುಮಾಡಿ ನೋಡೋಣ ಎಂದಿದ್ದಾರೆ. ಅಲ್ಲಿಯವರೆಗೆ ನೆರೆಮನೆಯ ಸಪಾದವನ್ನು ಕಣ್ಣಿಗೊತ್ತಿಕೊಂಡು ಹೆಂಡತಿಯ ಕೈಗೆ ಕೊಡುತ್ತಾರೆ.